ಕೊಕ್ಕರೆಗೆ ತಂದ ಶಾಲು

ಮುಳುಗಿ ಮೀನು ಹಿಡಿಯುವ ಆ ಕಪ್ಪು ಹಕ್ಕಿಗೆ ನಮ್ಮೂರ ಕಡಲ ದಡದಲ್ಲಿ ಏನೋ ಅನ್ನುತ್ತಿದ್ದರು. ನೀರುಕೋಳಿಯಲ್ಲ, ನೀರು... ಹಾಂ, ನೀರುಕಾಗೆ. ಊರು ಬಿಟ್ಟು ಐವತ್ತು ವರ್ಷವಾಯಿತು, ಹೆಸರುಗಳು ಒಂದೊಂದೇ ಜಾರುತ್ತಿವೆ.

ಹಡಗೊಂದು ಒಡೆದು ಕಡಲೆಲ್ಲ ಎಣ್ಣೆ ಹರಡಿತ್ತು. ಅದರ ಪರಿಣಾಮಗಳನ್ನು ಚರ್ಚಿಸಲು ದಡದ ಬಂಡೆಯ ಮೇಲೆ ವಿದ್ವಾಂಸರ ಸಭೆ ಸೇರಿತ್ತು. ಕೊಕ್ಕರೆ ಪ್ರಬಂಧ ಓದುತ್ತಿದ್ದಾಗ, ಮೈಯೆಲ್ಲ ಎಣ್ಣೆಯಾದ ನೀರುಕಾಗೆ ತೆವಳುತ್ತ ಬಂತು.

"ಸ್ವಾಮಿ, ರೆಕ್ಕೆ ಅಂಟಿಕೊಂಡಿದೆ, ಚಳಿಗೆ ಜೀವ ಹೋಗುತ್ತಿದೆ. ಅಲ್ಲಿ ಮಡಿಸಿಟ್ಟ ಶಾಲಿನಿಂದ ಮೈ ಒರೆಸಿ."

"ಅದು ಕೊಕ್ಕರೆಯವರ ಸನ್ಮಾನಕ್ಕೆ ತಂದದ್ದು," ಎಂದಿತು ಅಧ್ಯಕ್ಷ ಆಮೆ. "ನಿಮ್ಮ ಪ್ರಶ್ನೆಗೆ ಕೊನೆಯಲ್ಲಿ ಅವಕಾಶವಿದೆ."

ಕೊಕ್ಕರೆ ಕತ್ತು ಚಾಚಿತು. "ನೀನು ಹುಟ್ಟಿನಿಂದಲೇ ಕಪ್ಪು. ಇದು ಎಣ್ಣೆಯೇ ಎನ್ನಲು ಆಧಾರವೇನು?"

"ಮುಟ್ಟಿ ನೋಡಿ."

"ಮುಟ್ಟಿದರೆ ನನ್ನ ಗರಿ ಕೊಳೆಯಾಗುತ್ತದೆ," ಎಂದು ಕೊಕ್ಕರೆ ಹಾಳೆ ತಿರುವಿ ಮುಂದಕ್ಕೆ ಓದಿತು. "ಎಣ್ಣೆ ಹತ್ತಿದ ಹಕ್ಕಿಯನ್ನು ಕೂಡಲೇ ಒರೆಸಿ ಬೆಚ್ಚಗಿಟ್ಟರೆ ಬದುಕುತ್ತದೆ ಎಂಬುದು ನನ್ನ ಸಂಶೋಧನೆಯ ಸಾರ."

ಜೋರಾಗಿ ಚಪ್ಪಾಳೆ ಬಿತ್ತು. ಕೊಕ್ಕರೆಗೆ ಶಾಲು ಹೊದಿಸಿದರು. ಪ್ರಶ್ನೆಗಳ ಸರದಿ ಬರುವ ಹೊತ್ತಿಗೆ ನೀರುಕಾಗೆ ಸತ್ತಿತ್ತು. ಸಭೆ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿತು. ಕೊಕ್ಕರೆ ತನ್ನ ಶಾಲು ತೆಗೆದು ಹೆಣದ ಮೇಲೆ ಹೊದಿಸಿತು.

"ಎಂಥ ದೊಡ್ಡ ಮನಸ್ಸು," ಎಂದಿತು ಆಮೆ.

ಧನ್ಯಾ, ಅಜ್ಜಿ ಮರೆಯುವ ಮೊದಲು ಇದನ್ನು ಬರೆದಿಡು. ಹಕ್ಕಿಯ ಹೆಸರನ್ನೇ ಮೊದಲು ಬರೆ. ಕೊಕ್ಕರೆಯ ಪ್ರಬಂಧದಲ್ಲಿ ಅದು ಇರಲಿಲ್ಲ.