ಸೋತರೆ ಯಾರ ಮನೆಗೆ?

ಮುಂದಿನ ಮ್ಯಾನೇಜರ್ ಯಾರಾಗಬೇಕೆಂದು ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳು ವಾರದಿಂದ ಟೀ ಅಂಗಡಿಯಲ್ಲಿ ಕಚ್ಚಾಡುತ್ತಿದ್ದರು. ಹೆಚ್ಚಿನವರಿಗೆ ಹಳೆಯ ಗೋಲ್‌ಕೀಪರ್ ಸೆಲ್ವರಾಜನೇ ಬೇಕಿತ್ತು. ಅವನನ್ನೇ ತರಬೇಕೆಂದು ಕ್ಲಬ್ಬಿನ ಗುಮಾಸ್ತನೂ ಹಟ ಹಿಡಿದಿದ್ದ.

ಅಧ್ಯಕ್ಷರು ಗುಮಾಸ್ತನನ್ನು ಕರೆದರು. “ನನ್ನ ಬಾಮೈದನೇ ಮ್ಯಾನೇಜರ್. ಖುದ್ದು ನಾನೇ ಆರಿಸಿದ್ದೇನೆ ಅಂತ ನೋಟಿಸ್ ಬರಿ.”

ಗುಮಾಸ್ತ ಹಾಗೇ ಬರೆದ. ಕೆಳಗೆ ಒಂದು ಮಾತು ಸೇರಿಸಿದ: ‘ತಂಡ ಸೋತಾಗ ವಾಡಿಕೆಯಂತೆ ತಮಟೆ ಬಡಿಯಲು ಅಭಿಮಾನಿಗಳು, ಮ್ಯಾನೇಜರನ್ನು ಆರಿಸಿದವರ ಮನೆಗೇ ಹೋಗತಕ್ಕದ್ದು. ವಿಳಾಸ ಇಂತಿದೆ.’

“ಇದ್ಯಾಕಯ್ಯಾ?” ಎಂದರು ಅಧ್ಯಕ್ಷರು.

“ಹೋದ ವರ್ಷ ತಪ್ಪಿ ನಮ್ಮನೆಗೆ ಬಂದಿದ್ದರು ಸಾರ್. ಸಂಜೆವರೆಗೂ ಬಡಿದರು.”

ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. “ಈ ಸಲ ಎಷ್ಟು ಪಂದ್ಯ?”

“ಹದಿನೆಂಟು ಸಾರ್.”

“ಸೆಲ್ವರಾಜನ ಹೆಸರೇ ಬರಿ. ಆರಿಸಿದ್ದು ಅಭಿಮಾನಿಗಳು ಅಂತ ಸೇರಿಸೋದು ಮರೀಬೇಡ.”