ಯಕೃತ್ತಮ್ಮನ ತೆರೆದ ಬಾಗಿಲು

ಹೊಟ್ಟೆಯ ಬಲಮಗ್ಗುಲಲ್ಲಿ ಯಕೃತ್ತಮ್ಮನ ಮನೆ. ಬಂದವರನ್ನು ಹೊಸಿಲಿಂದ ಹಿಂದಕ್ಕೆ ಕಳಿಸುವುದು ಅವಳ ಜಾಯಮಾನವಲ್ಲ. ಹಣ್ಣಿನ ಸಕ್ಕರೆಯ ಕಣಗಳನ್ನು ಉಳಿದ ಅಂಗಗಳ ಮನೆಯವರು ಮೂಸಿಯೂ ನೋಡುತ್ತಿರಲಿಲ್ಲ. ಅವಳೇ ಕರೆದು ಉಪಚರಿಸುತ್ತಿದ್ದಳು. ಸೀಬೆಹಣ್ಣಿನ ನಾರಜ್ಜ ಕರುಳಿನಲ್ಲಿ ನಿಂತು, ಅವುಗಳನ್ನು ಒಂದೊಂದಾಗಿ ಕಳಿಸಿಕೊಡುತ್ತಿದ್ದ.

ಒಂದು ಮಧ್ಯಾಹ್ನ ಕಣಗಳು ದಂಡುಕಟ್ಟಿ ನುಗ್ಗಿದವು.

"ನಾರಜ್ಜ ಎಲ್ಲಿ?" ಎಂದಳು.

"ಜ್ಯೂಸ್ ಅಂಗಡಿಯ ಜರಡಿಯಲ್ಲೇ ಉಳಿದುಬಿಟ್ಟ, ಅಮ್ಮಾ."

"ಇಷ್ಟು ಜನ ಬಂದರೂ ಈ ಮೈಯ ಯಜಮಾನನಿಗೆ ಸಾಕು ಅನ್ನಿಸಲಿಲ್ಲವೇ?"

"ಇಲ್ಲ. ಇನ್ನೊಂದು ಲೋಟ ಹೇಳಿದ್ದಾನೆ."

ಯಕೃತ್ತಮ್ಮನಿಗೆ ಬಾಗಿಲು ಹಾಕಲು ಮನಸ್ಸು ಬರಲಿಲ್ಲ. ಕೈಲಾದಷ್ಟನ್ನು ಕರಗಿಸಿದಳು. ಮಿಕ್ಕಿದ್ದನ್ನು ಕೊಬ್ಬು ಮಾಡಿ ಪಡಸಾಲೆಯಲ್ಲಿ ಪೇರಿಸಿದಳು. ದಂಡು ದಿನವೂ ಬಂತು. ಪಡಸಾಲೆ ತುಂಬಿತು, ಅಡುಗೆಮನೆ ತುಂಬಿತು, ಕಡೆಗೆ ಅವಳು ಮಲಗುವ ಮೂಲೆಯೂ ತುಂಬಿತು.

ಒಂದು ದಿನ ಯಜಮಾನ ಡಾಕ್ಟರ ಹತ್ತಿರ ಬೈಸಿಕೊಂಡು ಬಂದು, ಇಡೀ ಸೀಬೆಹಣ್ಣನ್ನು ಕಚ್ಚಿ ತಿಂದ. ನಾರಜ್ಜ ಕಳಿಸಿದ ಒಂದೇ ಒಂದು ಕಣ ಮೆಲ್ಲಗೆ ಬಂದು ಹೊಸಿಲಲ್ಲಿ ನಿಂತಿತು.

"ಅಮ್ಮಾ, ಈ ಸಲ ನಾನೊಬ್ಬನೇ. ಒಳಗೆ ಬರಲೇ?"

"ಬಾಗಿಲು ತೆರೆದೇ ಇದೆ, ಮಗಾ," ಎಂದಿತು ಒಳಗಿನಿಂದ ಒಂದು ಸಣ್ಣ ದನಿ. "ಎದ್ದು ಬಂದು ಕರೆಯೋಣವೆಂದರೆ, ಕಾಲಿಡಲಿಕ್ಕೆ ನನಗೇ ಜಾಗವಿಲ್ಲ."