ಮಿಕ್ಕುಳಿದ ಸ್ಕ್ರೂ

"ಗುರುಗಳೇ, ನಾನು ಧ್ಯಾನಕ್ಕೆ ಕೂರಲು ಶುರುಮಾಡಿ ಮೂರು ತಿಂಗಳಾಯಿತು. ಈಗ ಆಶ್ರಮದಲ್ಲಿ ಪ್ರತಿಯೊಬ್ಬರ ತಪ್ಪೂ ನನಗೆ ಕಾಣುತ್ತಿದೆ. ತಿದ್ದುವುದನ್ನು ಯಾರಿಂದ ಆರಂಭಿಸಲಿ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು.

ಒಬ್ಬ ಜವಳಿ ವ್ಯಾಪಾರಿಗೆ ಐವತ್ತು ದಾಟಿದ ಮೇಲೆ ಗಡಿಯಾರ ರಿಪೇರಿಯ ಹುಚ್ಚು ಹಿಡಿಯಿತು. ಹವ್ಯಾಸವೇನೋ ಒಳ್ಳೆಯದೇ. ಆದರೆ ಈ ಮಹಾರಾಯ ಕಲಿಯಲು ಕೆಟ್ಟ ಗಡಿಯಾರವನ್ನು ಹುಡುಕಲಿಲ್ಲ. ಮಾವ ಮದುವೆಯಲ್ಲಿ ಕೊಟ್ಟಿದ್ದ, ಚೆನ್ನಾಗಿ ಓಡುತ್ತಿದ್ದ ಕೈಗಡಿಯಾರವನ್ನೇ ಬಿಚ್ಚಿದ. ಬಿಡಿಭಾಗಗಳನ್ನು ಊಟದ ತಟ್ಟೆಯಲ್ಲಿ ಹರಡಿಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಂಟು ದಿನ ಹೆಣಗಿದ. ಎಲ್ಲ ಜೋಡಿಸಿದ ಮೇಲೆ ತಟ್ಟೆಯಲ್ಲಿ ಒಂದು ಸ್ಕ್ರೂ ಮಿಕ್ಕಿತು. ಗಡಿಯಾರವಂತೂ ಓಡುತ್ತಿತ್ತು. ಹಾಗಾದರೆ ಈ ಸ್ಕ್ರೂ ಬೇಕಾಗಿಯೇ ಇರಲಿಲ್ಲ, ತಯಾರಿಸಿದವನೇ ತಿಳಿಯದೆ ಹಾಕಿದ್ದಾನೆ ಎಂದು ಅವನು ತೀರ್ಮಾನಿಸಿದ. ಗಡಿಯಾರ ನಿಧಾನವಾಗಿ ಹಿಂದೆ ಬಿತ್ತು. ಅವನಿಗೆ ಮಾತ್ರ ಊರಿನ ಗಡಿಯಾರಗಳೆಲ್ಲ ಮುಂದೆ ಓಡುತ್ತಿರುವಂತೆ ಕಂಡಿತು.

ಅಷ್ಟರಲ್ಲಿ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಹುಡುಗ ಅವಳಿಗೆ ತುಂಬ ಹಿಡಿಸಿದ್ದ. ಈ ಮುಹೂರ್ತ ತಪ್ಪಿದರೆ ಮುಂದಿನದು ಆಷಾಢ ಕಳೆದ ಮೇಲೆಯೇ. ಹುಡುಗನ ಊರಿಗೆ ಇದ್ದದ್ದು ಒಂದೇ ಬಸ್ಸು, ಒಂಬತ್ತೂಕಾಲಿಗೆ. ಅಂದು ಸೋಮವಾರ, ಒಂಬತ್ತಕ್ಕೆ ರಾಹುಕಾಲ ಮುಗಿಯುತ್ತದೆ. ಬಸ್ ನಿಲ್ದಾಣ ಎರಡು ಬೀದಿಯಾಚೆ. ಎಲ್ಲರೂ ಹಣ್ಣು ಹೂವಿನ ತಟ್ಟೆ ಹಿಡಿದು ಕಾದರು. ಗೋಡೆ ಗಡಿಯಾರ ಒಂಬತ್ತು ಹೊಡೆಯಿತು. ಹೊರಡೋಣ ಎಂದು ಹೆಂಡತಿ ಎದ್ದಳು. ಅವನು ಹೊಸ್ತಿಲಿಗೆ ಅಡ್ಡ ನಿಂತ.

"ನನ್ನ ವಾಚಲ್ಲಿ ಇನ್ನೂ ಇಪ್ಪತ್ತು ನಿಮಿಷ ರಾಹುಕಾಲ ಇದೆ, ಕೂತ್ಕೊಳ್ಳೇ."

ಕೂತರು. ಇಪ್ಪತ್ತು ನಿಮಿಷ ಕಳೆದು ನಿಲ್ದಾಣಕ್ಕೆ ಹೋದಾಗ ಬಸ್ಸು ಇರಲಿಲ್ಲ. ಮಗಳು ರೇಷ್ಮೆ ಸೀರೆಯಲ್ಲೇ ಕಲ್ಲುಬೆಂಚಿನ ಮೇಲೆ ಕುಸಿದು ಅತ್ತಳು. ವ್ಯಾಪಾರಿ ನಿಲ್ದಾಣದ ಗಡಿಯಾರವನ್ನು ನೋಡಿದ, ತನ್ನದನ್ನು ನೋಡಿದ, ಮತ್ತೆ ಮೇಲೆ ನೋಡಿದ. ಸದ್ಯ, ಈಗಲಾದರೂ ಇವರಿಗೆ ತಿಳಿಯಿತಲ್ಲ ಎಂದುಕೊಂಡಳು ಹೆಂಡತಿ. ಅವನು ನೇರವಾಗಿ ವಿಚಾರಣೆಯ ಕಿಟಕಿಗೆ ಹೋದ.

"ನಿಮ್ಮ ಗಡಿಯಾರ ಇಪ್ಪತ್ತು ನಿಮಿಷ ಮುಂದಿದೆ ಸ್ವಾಮಿ. ಒಂದು ಏಣಿ ಕೊಡ್ತೀರಾ?"

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ತಡೆದುಕೊಳ್ಳುತ್ತಾ, ಅವರು ಏಣಿ ಕೊಟ್ಟರೇ ಎಂದು ಕೇಳಿದ.

ಗುರುಗಳು ನಗಲಿಲ್ಲ.

"ಕೊಡಲಿಲ್ಲ, ಅದಕ್ಕೇ ನೀನೀಗ ನನ್ನ ಹತ್ತಿರ ಏಣಿ ಕೇಳಲು ಬಂದಿದ್ದೀಯ."